ಈ ಗ್ಲೌಸ್ ಯಾರ ಕೈಗೆ?

ಎರಡು ತಿಂಗಳ ಶನಿವಾರಗಳನ್ನೆಲ್ಲ ಒಂದು ಗ್ಲೌಸ್‌ಗೆ ಸುರಿದಿದ್ದೇನೆ. ನಾನು ಬೆರಳು ಮಡಿಸಿದರೆ ಕಂಪ್ಯೂಟರಿನೊಳಗಿನ ಬೊಂಬೆಯೂ ಬೆರಳು ಮಡಿಸಬೇಕು, ಅಷ್ಟೇ ಆಸೆ. ಅನಿಮೇಷನ್‌ನವರು ಬಳಸುವ ಒಳ್ಳೆಯ ಗ್ಲೌಸ್ ಬೇಕೆಂದರೆ ಲಕ್ಷದ ಮಾತು. ನನ್ನದು ಎರಡು ಸಾವಿರ ದಾಟಲಿಲ್ಲ. ಅದರಲ್ಲಿ ನನ್ನ ಟೈಮಿನ ಬೆಲೆ ಸೇರಿಲ್ಲ ಅಂತ ನನ್ನ ಹೆಂಡತಿಯ ತಕರಾರು. ಸರಿ, ಸೇರಿಲ್ಲ.

ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಕೈ ತಿರುಗಿದ್ದನ್ನು ಅಳೆಯುವ ಎಂಪಿಯು6050 ಚಿಪ್ಪು, ರೆಸಿಸ್ಟರ್, ವೈರು, ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕವು. ಬೆರಳು ಎಷ್ಟು ಬಾಗಿತು ಅಂತ ಅಳೆಯುವ ರೆಡಿಮೇಡ್ ಫ್ಲೆಕ್ಸ್ ಸೆನ್ಸರ್ ಬೆಲೆ ಕೇಳಿ, ಅದನ್ನು ಐದರಿಂದ ಗುಣಿಸಿ, ಸುಮ್ನೆ ವಾಪಸ್ಸಿಟ್ಟೆ. ಬದಲಿಗೆ ವೆಲೋಸ್ಟ್ಯಾಟ್ ತಂದೆ. ಸ್ಟ್ಯಾಟಿಕ್ ತಾಗಿ ಚಿಪ್ ಹಾಳಾಗದಿರಲಿ ಅಂತ ಸುತ್ತುವ ಕಪ್ಪು ಹಾಳೆ ಅದು. ಪ್ಲಾಸ್ಟಿಕ್‌ನಲ್ಲಿ ಇಂಗಾಲ ಬೆರೆಸಿರುತ್ತಾರೆ. ಒತ್ತಿದರೆ, ಬೆರಳಿನ ಜೊತೆ ಬಾಗಿಸಿದರೂ ಅಷ್ಟೇ, ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಬೆರಳುದ್ದದ ಪಟ್ಟಿ ಕತ್ತರಿಸಿ, ಎರಡೂ ಬದಿಗೆ ತಾಮ್ರದ ಟೇಪು ಅಂಟಿಸಿದರೆ ಸೆನ್ಸರ್ ಆಯಿತು. ಟೇಪು ಪಟ್ಟಿಗಿಂತ ಸ್ವಲ್ಪ ಸಣ್ಣದಿರಬೇಕು, ಇಲ್ಲದಿದ್ದರೆ ಅಂಚಿನಲ್ಲಿ ಮುಟ್ಟಿ ಶಾರ್ಟ್ ಆಗುತ್ತದೆ. ನನಗೆ ಮೂರು ಸಲ ಆಯಿತು. ನ್ಯಾನೋದಲ್ಲಿ ಇಂಥ ಸೆನ್ಸರನ್ನು ಓದುವ ಅನಲಾಗ್ ಪಿನ್ನು ಎಂಟು. ಅದರಲ್ಲಿ ಎರಡು ಪಿನ್ನು ಎಂಪಿಯುಗೆ ಹೋದರೆ ಆರು ಉಳಿಯುತ್ತವೆ. ಐದು ಬೆರಳಿಗೆ ಐದು ಹೋಗಿ ಒಂದು ಮಿಗುತ್ತದೆ!

ಇದು ಹೊಸ ಹುಚ್ಚೇನಲ್ಲ. 1977ರಲ್ಲೇ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ‘ಸೇಯರ್ ಗ್ಲೌವ್’ ಅಂತ ಒಂದನ್ನು ಮಾಡಿದ್ದರು. ಬೆರಳಿಗೊಂದು ಬಾಗುವ ಕೊಳವೆ, ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕು ಅಳೆಯುವ ಫೋಟೋಸೆಲ್. ಬೆರಳು ಬಾಗಿದರೆ ಬೆಳಕು ಕಡಿಮೆ. 1989ರಲ್ಲಿ ಮ್ಯಾಟೆಲ್‌ನವರು ನಿಂಟೆಂಡೋ ಆಟಕ್ಕೆ ಪವರ್ ಗ್ಲೌವ್ ತಂದರು. ಅದರಲ್ಲಿ ಕಿರುಬೆರಳಿಗೆ ಸೆನ್ಸರೇ ಇರಲಿಲ್ಲ. ಉಳಿದ ಬೆರಳು ಬಾಗುವುದನ್ನೂ ನಾಲ್ಕೇ ಹಂತದಲ್ಲಿ ಅಳೆಯುತ್ತಿತ್ತು.

ನನ್ನ ತಲೆನೋವು ಶುರುವಾಗಿದ್ದು ಹೊಲಿಗೆಯಲ್ಲಿ. ಪಟ್ಟಿಯ ಎರಡೂ ತುದಿಯನ್ನು ಗಟ್ಟಿಯಾಗಿ ಹೊಲಿದಿದ್ದೆ. ಮುಷ್ಟಿ ಕಟ್ಟಿದ ಕೂಡಲೇ ಬೆಸುಗೆ ಕಿತ್ತುಬಂತು. ಬೆರಳು ಮಡಿಸಿದಾಗ ಗಿಣ್ಣಿನ ಮೇಲೆ ಚರ್ಮ ಹಿಗ್ಗುತ್ತದೆ, ಪಟ್ಟಿ ಹಿಗ್ಗುವುದಿಲ್ಲ. ನಮ್ಮ ಬೀದಿಯ ಟೈಲರ್ ಅಕ್ಕನಿಗೆ ತೋರಿಸಿದೆ. ಕನ್ನಡಕದ ಮೇಲಿಂದ ನೋಡಿ, “ಎರಡೂ ಕಡೆ ಹೊಲಿದ್ರೆ ಕಿತ್ಕೊಳ್ದೆ ಇನ್ನೇನಾಗುತ್ತೆ ಸಾರ್? ಲಂಗದ ಲಾಡಿಗೆ ಪಟ್ಟಿ ಹೊಲಿಯಲ್ವಾ, ಹಾಗೆ ಮಾಡಿ. ತುದೀಲಿ ಒಂದು ಹೊಲಿಗೆ ಸಾಕು, ಮಿಕ್ಕಿದ್ದು ಒಳಗೆ ಓಡಾಡ್ಕೊಂಡಿರ್ಲಿ” ಅಂದರು. ಹದಿನೈದು ನಿಮಿಷದ ಕೆಲಸ. ನಾನು ಮೂರು ವಾರ ಕಳೆದಿದ್ದೆ.

ಬೊಂಬೆ ಕೈ ಆಡಿತು. ಖುಷಿಯಲ್ಲಿ ಗ್ಲೌಸನ್ನು ಹೆಂಡತಿಗೆ ಹಾಕಿದೆ. ಅವಳ ಕೈ ಸಣ್ಣದು. ಅವಳು ಮುಷ್ಟಿ ಕಟ್ಟಿದರೆ ಬೊಂಬೆ ಅರ್ಧ ಬೆರಳು ಮಡಿಸಿ ಭಿಕ್ಷೆ ಕೇಳುವಂತೆ ನಿಂತಿತು. ಅಷ್ಟೇಕೆ, ನಾನೇ ಬಿಚ್ಚಿ ಮತ್ತೆ ಹಾಕಿದರೂ ಸೆನ್ಸರ್ ಕೊಡುವ ನಂಬರು ಬೇರೆ. ವೆಲೋಸ್ಟ್ಯಾಟ್ ಒಮ್ಮೆ ಒತ್ತಿದ ಮೇಲೆ ಹಳೆಯ ಸ್ಥಿತಿಗೆ ನಿಧಾನವಾಗಿ ಬರುತ್ತದೆ. ಎಂಪಿಯುನಲ್ಲಿ ದಿಕ್ಸೂಚಿ ಇಲ್ಲ, ಹಾಗಾಗಿ ಹತ್ತು ನಿಮಿಷದಲ್ಲಿ ಬೊಂಬೆ ಕೈ ಮುನಿಸಿಕೊಂಡಂತೆ ಮೆಲ್ಲಗೆ ಆಚೆ ತಿರುಗುತ್ತದೆ. ಪ್ರತಿ ಸಲ ಹಾಕಿದಾಗ ಅಂಗೈ ಬಿಚ್ಚು, ಮುಷ್ಟಿ ಕಟ್ಟು ಅಂತ ಹೇಳಿ ಹೊಸದಾಗಿ ಅಳತೆ ತೆಗೆದುಕೊಳ್ಳಬೇಕು. ಬೆರಳಿಗೊಂದೇ ಪಟ್ಟಿ ಇದ್ದರೆ ಯಾವ ಗಿಣ್ಣು ಬಾಗಿತು ಅಂತ ಗೊತ್ತಾಗಲ್ಲ. ಬೆರಳುಗಳನ್ನು ಅಗಲಿಸಿದ್ದಂತೂ ಕಾಣುವುದೇ ಇಲ್ಲ. ಕ್ಯಾಮೆರಾ ಸಾಕಲ್ವಾ ಅನ್ನಬಹುದು. ಗೂಗಲ್‌ನ ಮೀಡಿಯಾಪೈಪ್ ವೆಬ್‌ಕ್ಯಾಮ್‌ನಿಂದಲೇ ಕೈಯ 21 ಬಿಂದು ಹುಡುಕುತ್ತದೆ, ಪುಕ್ಕಟೆ. ಆದರೆ ಒಂದು ಬೆರಳು ಇನ್ನೊಂದರ ಹಿಂದೆ ಹೋದರೆ ಅದೂ ಊಹೆ ಮಾಡಬೇಕು. ಹಾಗಾಗಿ ಗ್ಲೌಸ್ ಮೇಲಿನ ಪ್ರೀತಿ ಹೋಗಿಲ್ಲ.

ಹೋಗಿದ್ದು ಒಂದು ಭ್ರಮೆ. ಇಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟ್‌ಗಳಲ್ಲಿ “ಮಾತು ಬಾರದವರಿಗೆ ಮಾತು ಕೊಡುವ ಗ್ಲೌಸ್” ನೋಡಿರುತ್ತೀರಿ. ಇವೇ ಐದು ಸೆನ್ಸರು, ಹತ್ತು ಸನ್ನೆ, ಒಂದು ಸ್ಪೀಕರು. ಭಾರತೀಯ ಸನ್ನೆ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರ ತೋರಿಸಲೂ ಹೆಚ್ಚಾಗಿ ಎರಡು ಕೈ ಬೇಕು. ಕೇಳುತ್ತಿದ್ದಾರೋ ಹೇಳುತ್ತಿದ್ದಾರೋ ಅನ್ನುವುದು ಹುಬ್ಬಿನಲ್ಲಿ, ಮುಖದಲ್ಲಿ ಇರುತ್ತದೆ. ದೆಹಲಿಯ ಸನ್ನೆ ಭಾಷಾ ಕೇಂದ್ರ 2021ರಲ್ಲಿ ಹೊರತಂದ ನಿಘಂಟಿನಲ್ಲಿ 10,000 ಪದಗಳಿವೆ. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಮಾಡಿದ, ಸನ್ನೆಯನ್ನು ಮಾತಾಗಿಸುವ ಸೈನ್‌ಅಲೌಡ್ ಗ್ಲೌಸ್‌ಗೆ ಬಹುಮಾನ ಬಂದಾಗ ಅಲ್ಲಿನ ಕಿವುಡರೇ ಆಕ್ಷೇಪ ಎತ್ತಿದರು. ನನ್ನ ಹೆಂಡತಿಯ ಮುಷ್ಟಿಯೇ ಅರ್ಥವಾಗದ ಗ್ಲೌಸ್ ಯಾರ ಪರವಾಗಿ ಮಾತಾಡೀತು?

ಹೋದ ವಾರ ಪರಿಚಯದ ಹುಡುಗನೊಬ್ಬ ಇದೇ ಪ್ರಾಜೆಕ್ಟ್‌ಗೆ ಕೋಡ್ ಕೇಳಲು ಬಂದ. ಕಿವಿ ಕೇಳಿಸದವರು ಯಾರಿಗಾದರೂ ತೋರಿಸಿದೆಯಾ ಅಂದೆ. “ಗೈಡ್‌ಗೆ ತೋರಿಸಿದೆ ಅಂಕಲ್, ಓಕೆ ಅಂದ್ರು.” ಬೆರಳಿಗೆ ಪೆಟ್ಟಾದವರು ದಿನದಿನಕ್ಕೆ ಎಷ್ಟು ಮಡಿಸಬಲ್ಲರು ಅಂತ ಅಳೆಯುವಂತೆ ಮಾಡು, ಒಬ್ಬರದೇ ಕೈ, ಅವರದೇ ಅಳತೆ, ಅಂತ ಹೇಳಿದೆ. ಒಪ್ಪಿದನೋ ಇಲ್ಲವೋ. ಕೋಡ್ ಕೊಟ್ಟೆ, ಅಕ್ಕನ ಅಂಗಡಿಗೂ ಕರೆದುಕೊಂಡು ಹೋದೆ. ಹೊರಗೆ ಬಂದ ಮೇಲೆ ತಲೆ ಕೆರೆದುಕೊಂಡು ಕೇಳಿದ: “ಅಂಕಲ್, ರಿಪೋರ್ಟ್‌ನಲ್ಲಿ ಟೈಲರ್ ಹೆಸರು ಎಲ್ಲಿ ಹಾಕೋದು?”