ಆಮೇಲೆ ನೋಡೋಣ ಎಂದರೆ ಯಾವಾಗ?

ನಿನ್ನೆ ರಾತ್ರಿ ನೋಡಿದ ಒಂದು ವಿಡಿಯೊಗಿಂತ ಅದರ ಕೆಳಗೆ ಜನ ಬರೆದಿದ್ದ ಮಾತುಗಳು ನನ್ನ ನಿದ್ದೆ ಕೆಡಿಸಿದವು. ವಯಸ್ಸಾದ ಹೆಂಗಸೊಬ್ಬರು ಸೊಂಟದ ಮಟ್ಟದ ನೆರೆ ನೀರಿನಲ್ಲಿ ನಿಂತಿದ್ದಾರೆ, ಅವರ ತೋಳಿನಲ್ಲಿ ತೊಯ್ದು ನಡುಗುತ್ತಿರುವ ನಾಯಿಯೊಂದಿದೆ. ದೋಣಿಯಲ್ಲಿದ್ದವರು ಕೈಚಾಚಿ ಕರೆಯುತ್ತಿದ್ದಾರೆ, ಆದರೆ ನಾಯಿಯನ್ನು ಬಿಟ್ಟು ಬರಬೇಕೆನ್ನುತ್ತಿದ್ದಾರೆ. ಆಕೆ ತಲೆಯಾಡಿಸುತ್ತಾ ಹಿಂದೆ ಸರಿಯುವಲ್ಲಿಗೆ ವಿಡಿಯೊ ಮುಗಿಯುತ್ತದೆ. ಕೆಳಗೆ ನೋಡಿದರೆ, ನಾಲ್ಕು ಬಿಗಿದು ಎಳೆದು ಹಾಕಿಕೊಳ್ಳಬೇಕಿತ್ತು ಎಂದು ಒಬ್ಬರು, ಇಂಥವರಿಗಾಗಿ ದೋಣಿಯವರು ಯಾಕೆ ಸಾಯಬೇಕು ಎಂದು ಇನ್ನೊಬ್ಬರು. ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಪಡೆದದ್ದು ಮಾತ್ರ ಬಹಳ ಸಭ್ಯವಾದ ಒಂದು ವಾಕ್ಯ: "ಮೊದಲು ಮನುಷ್ಯರು, ಪ್ರಾಣಿಗಳನ್ನು ಆಮೇಲೆ ನೋಡೋಣ."

ಬೈದವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ನನ್ನ ಸಿಟ್ಟು ಈ ಸಭ್ಯ ವಾಕ್ಯದ ಮೇಲೆ. ಇದನ್ನು ಹೇಳುವವರು ಓದಿದವರು, ಒಳ್ಳೆಯವರು, ಪ್ರಾಣಿಗಳನ್ನು ದ್ವೇಷಿಸದವರು. ಕೇಳಲು ನ್ಯಾಯವಾಗಿಯೂ ಇರುವುದರಿಂದ ಯಾರೂ ಇದನ್ನು ಪ್ರಶ್ನಿಸುವುದಿಲ್ಲ. ಆದರೆ ಪ್ರಾಣಿಗಳನ್ನು ರಕ್ಷಿಸುವ ಈ ಕೆಲಸದಲ್ಲಿ ನಾನು ಎಷ್ಟು ವರ್ಷಗಳಿಂದ ಇದ್ದೇನೆಂದು ಬಲ್ಲ ಗೆಳೆಯರಿಗೆ ಇನ್ನೊಂದು ಸಲ ಹೇಳುತ್ತೇನೆ: ವಿಪತ್ತಿನಲ್ಲಿ ಆ 'ಆಮೇಲೆ' ಎಂಬ ಗಳಿಗೆ ಬರುವುದೇ ಇಲ್ಲ. ಬಂದರೂ ಅದು ಕಳೇಬರಗಳ ವಿಲೇವಾರಿಯ ಕೆಲಸವಾಗಿ ಬರುತ್ತದೆ. ಆಗ ಪಶುವೈದ್ಯರಿಗಿಂತ ಮೊದಲು ಜೆಸಿಬಿಯನ್ನು ಕರೆಯಬೇಕಾಗುತ್ತದೆ.

ನೆರೆ ಇಳಿದ ಮೇಲೆ ಕೊಟ್ಟಿಗೆಯೊಳಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದನ, ಎಮ್ಮೆಗಳು ಚೆನ್ನಾಗಿ ಈಜಬಲ್ಲವು. ಬಿಟ್ಟರೆ ಎಷ್ಟೋ ಸಲ ತಾವಾಗಿಯೇ ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತವೆ. ಗೂಟಕ್ಕೆ ಕಟ್ಟಿದ್ದ ಹಸುವಿಗೆ ಆ ಅವಕಾಶವಿಲ್ಲ. ನೀರು ಏರಿದಂತೆಲ್ಲ ಅದು ಕತ್ತನ್ನು ಮೇಲಕ್ಕೆತ್ತುತ್ತದೆ, ಹಗ್ಗದ ಉದ್ದ ಮುಗಿಯುವವರೆಗೆ ಎತ್ತುತ್ತದೆ. ಅದನ್ನು ಕೊಂದದ್ದು ಮೂರು ಮೊಳದ ಹಗ್ಗ. ಗೇಟಿಗೆ ಸರಪಳಿ ಹಾಕಿ ಕಟ್ಟಿದ ನಾಯಿಯ ಕಥೆಯೂ ಇದೇ, ಹೊರಗಿನಿಂದ ಚಿಲಕ ಹಾಕಿದ ಗೂಡಿನ ಕೋಳಿಗಳ ಕಥೆಯೂ ಇದೇ. ಮನೆಯವರು ಕಟುಕರಾಗಿರಲಿಲ್ಲ. ಸಂಜೆಯೊಳಗೆ ವಾಪಸು ಬರುತ್ತೀರಿ, ಈಗ ಹೊರಡಿ ಎಂದು ಯಾರೋ ಅವರಿಗೆ ಅವಸರ ಮಾಡಿದ್ದರು. ಕಣ್ಣಿ ಬಿಚ್ಚಿ ಬನ್ನಿ ಎಂದು ಮಾತ್ರ ಯಾರೂ ಹೇಳಿರಲಿಲ್ಲ, ಏಕೆಂದರೆ ಪ್ರಾಣಿಗಳನ್ನು ಆಮೇಲೆ ನೋಡುವುದೆಂದು ಮೊದಲೇ ತೀರ್ಮಾನವಾಗಿತ್ತು.

ಈ ತೀರ್ಮಾನದಿಂದ ಸಾಯುವುದು ಪ್ರಾಣಿಗಳು ಮಾತ್ರ ಎಂದುಕೊಂಡವರು 2005ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ ಕತ್ರಿನಾ ಚಂಡಮಾರುತವನ್ನು ನೆನಪಿಸಿಕೊಳ್ಳಬೇಕು. ಅಲ್ಲಿನ ಪರಿಹಾರ ಕೇಂದ್ರಗಳಲ್ಲಿ ಮತ್ತು ಜನರನ್ನು ಸಾಗಿಸುವ ಬಸ್ಸುಗಳಲ್ಲಿ ಸಾಕುಪ್ರಾಣಿಗಳಿಗೆ ಬಹುಮಟ್ಟಿಗೆ ಪ್ರವೇಶವಿರಲಿಲ್ಲ. ಸೂಪರ್‌ಡೋಮ್ ಕ್ರೀಡಾಂಗಣದಿಂದ ಹೊರಟ ಬಸ್ಸು ಹತ್ತುತ್ತಿದ್ದ ಒಬ್ಬ ಪುಟ್ಟ ಹುಡುಗನ ಕೈಯಿಂದ ಪೊಲೀಸರು ಅವನ ಬಿಳಿ ನಾಯಿಯನ್ನು ಕಿತ್ತುಕೊಂಡರೆಂದೂ, ಅವನು 'ಸ್ನೋಬಾಲ್, ಸ್ನೋಬಾಲ್' ಎಂದು ವಾಂತಿಯಾಗುವವರೆಗೆ ಅತ್ತನೆಂದೂ ಸುದ್ದಿಸಂಸ್ಥೆಯೊಂದು ವರದಿ ಮಾಡಿತು. ಮರುವರ್ಷ ವಿಪತ್ತು ಪರಿಹಾರದ ಬಗ್ಗೆ ಕೆಲಸ ಮಾಡುವ ಫ್ರಿಟ್ಜ್ ಇನ್‌ಸ್ಟಿಟ್ಯೂಟ್ ಅಲ್ಲಿ ಸಮೀಕ್ಷೆ ನಡೆಸಿದಾಗ, ಮನೆ ಬಿಟ್ಟು ಹೊರಡದೆ ಉಳಿದವರಲ್ಲಿ ಶೇ. 44ರಷ್ಟು ಮಂದಿ ತಾವು ಉಳಿದುದಕ್ಕೆ ಸಾಕುಪ್ರಾಣಿಗಳನ್ನು ಬಿಟ್ಟುಹೋಗಲು ಮನಸ್ಸಾಗದ್ದೂ ಒಂದು ಕಾರಣವೆಂದು ಹೇಳಿದರು. ನೂರರಲ್ಲಿ ನಲವತ್ತನಾಲ್ಕು ಜನ! ಇವರೆಲ್ಲರೂ ಮೂರ್ಖರೆಂದು ಹೇಳುವ ಧೈರ್ಯ ಯಾರಿಗಿದೆ? 2006ರ ಅಕ್ಟೋಬರ್‌ನಲ್ಲಿ ಆ ದೇಶ ಕಾನೂನನ್ನೇ ತಂದಿತು. ರಾಜ್ಯಗಳೂ ಸ್ಥಳೀಯ ಆಡಳಿತಗಳೂ ತಮ್ಮ ತುರ್ತು ಯೋಜನೆಗಳಲ್ಲಿ ಸಾಕುಪ್ರಾಣಿಗಳಿಗೂ ಅಂಗವಿಕಲರಿಗೆ ನೆರವಾಗುವ ಪ್ರಾಣಿಗಳಿಗೂ ಜಾಗ ಕೊಡಬೇಕೆಂದು ಅದು ವಿಧಿಸಿತು. ನಾಯಿಯನ್ನು ಬಿಟ್ಟರೆ ಮಾತ್ರ ಮನುಷ್ಯನನ್ನು ಉಳಿಸುತ್ತೇವೆ ಎಂದರೆ ಎಷ್ಟೋ ಮಂದಿ ಮನುಷ್ಯರೂ ಉಳಿಯುವುದಿಲ್ಲವೆಂಬುದನ್ನು ಆ ದೇಶ ಅಷ್ಟು ದೊಡ್ಡ ಬೆಲೆ ತೆತ್ತು ಕಲಿಯಬೇಕಾಯಿತು.

ಇದೆಲ್ಲ ಶ್ರೀಮಂತ ದೇಶಗಳ ಶೋಕಿ ಎಂಬ ಮಾತೂ ಆ ವಿಡಿಯೊದ ಕೆಳಗಿತ್ತು. ಬಾಂಗ್ಲಾದೇಶದ ಕರಾವಳಿಯನ್ನು ನೋಡಿದವರು ಹಾಗೆ ಹೇಳುವುದಿಲ್ಲ. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರು. ಅದಾದ ಮೇಲಿನ ವರ್ಷಗಳಲ್ಲಿ, ಯುದ್ಧದಿಂದ ಆಗತಾನೆ ಹೊರಬಂದು ಹಸಿವಿನಲ್ಲಿದ್ದ ಆ ಹೊಸ ದೇಶ, ಜನರು ಜಾನುವಾರುಗಳನ್ನು ಏರಿಸಿ ನಿಲ್ಲಿಸಲೆಂದು ಕರಾವಳಿಯಲ್ಲಿ ಮಣ್ಣಿನ ಎತ್ತರದ ದಿಬ್ಬಗಳನ್ನು ಕಟ್ಟಿಸಿತು. ಅವುಗಳನ್ನು ಇಂದಿಗೂ ಕಿಲ್ಲಾ ಎಂದೇ ಕರೆಯುತ್ತಾರೆ. ಅಮೆರಿಕ ಕಾನೂನು ತರುವುದಕ್ಕೆ ದಶಕಗಳ ಮೊದಲೇ, ಬಹಳ ಬಡತನದಲ್ಲಿದ್ದ ಒಂದು ದೇಶ ಇದನ್ನು ಅರ್ಥಮಾಡಿಕೊಂಡಿತ್ತು. ಅದಕ್ಕೆ ಕಾರಣ ಬರಿಯ ಕನಿಕರವಲ್ಲ. ಎರಡು ಹಸುಗಳ ಮೇಲೆ ಬದುಕುವ ಮನೆಯವರು ಆ ಹಸುಗಳನ್ನು ಬಿಟ್ಟು ಚಂಡಮಾರುತದ ಆಶ್ರಯ ಕೇಂದ್ರಕ್ಕೆ ಬರುವುದಿಲ್ಲ. ಬಂದರೂ, ಹಸುಗಳು ಸತ್ತುಹೋದರೆ ಅವರು ಬದುಕಿ ಹಿಂದಿರುಗುವುದು ಸಾಲಕ್ಕೆ. ವಿಪತ್ತಿನ ಸಮಯದಲ್ಲಿ ಜಾನುವಾರುಗಳಿಗೆ ಮೇವು, ನೀರು, ಚಿಕಿತ್ಸೆ, ನೆಲೆ ಹೇಗೆ ಒದಗಿಸಬೇಕೆಂದು ಅಂತರರಾಷ್ಟ್ರೀಯ ನೆರವು ಸಂಸ್ಥೆಗಳು ಸೇರಿ 2009ರಲ್ಲಿ ಲೆಗ್ಸ್ ಎಂಬ ಮಾರ್ಗಸೂಚಿಯನ್ನು ಹೊರತಂದವು. ಅದರ ತಳಹದಿಯೂ ಇದೇ ತಿಳಿವಳಿಕೆ: ಜಾನುವಾರನ್ನು ಉಳಿಸುವುದು ಎಂದರೆ ಆ ಮನೆಯ ಬದುಕನ್ನು ಉಳಿಸುವುದು.

'ಆಮೇಲೆ' ಎಂಬುದು ಎಷ್ಟು ದೂರ ಹೋಗಬಹುದೆಂದು ತಿಳಿಯಬೇಕಾದರೆ ಜಪಾನಿನ ಫುಕುಶಿಮಾವನ್ನು ನೋಡಬೇಕು. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯ ನಂತರ ಅಣುಸ್ಥಾವರದ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯ ಜನರನ್ನು ತೆರವುಗೊಳಿಸಿದರು. ಕೆಲವೇ ದಿನಗಳಲ್ಲಿ ಹಿಂದಿರುಗುತ್ತೇವೆಂದು ನಂಬಿದ್ದ ಅನೇಕರು ನಾಯಿ, ಬೆಕ್ಕುಗಳಿಗೆ ಒಂದೆರಡು ದಿನದ ಆಹಾರವಿಟ್ಟು ಬಾಗಿಲೆಳೆದುಕೊಂಡು ಹೊರಟರು. ಆ ಪ್ರದೇಶವನ್ನು ಏಪ್ರಿಲ್‌ನಲ್ಲಿ ಪೂರ್ತಿ ಮುಚ್ಚಿದರು. ಕೊಟ್ಟಿಗೆಗಳಲ್ಲಿ ಹಸುಗಳು ಕಟ್ಟಿದ ಜಾಗದಲ್ಲೇ ಹಸಿವಿನಿಂದ ಸತ್ತವು, ಬದುಕಿದ್ದ ಜಾನುವಾರುಗಳನ್ನು ಮಾಲೀಕರ ಒಪ್ಪಿಗೆ ಪಡೆದು ಕೊಲ್ಲಬೇಕೆಂದು ಮೇ ತಿಂಗಳಲ್ಲಿ ಸರ್ಕಾರ ಆದೇಶಿಸಿತು. ಮಸಾಮಿ ಯೋಷಿಜಾವಾ ಎಂಬ ರೈತ ಆ ಆದೇಶವನ್ನು ಒಪ್ಪದೆ ತನ್ನ ದನಗಳನ್ನು ಸಾಕುತ್ತಾ ಉಳಿದರು. ಮಾರಲಾಗದ, ಲಾಭವಿಲ್ಲದ ದನಗಳನ್ನು ಅವರು ಯಾಕೆ ಸಾಕುತ್ತಾರೆಂದು ಕೇಳುವವರಿಗೆ ನಾನು ಏನೂ ವಿವರಿಸಲಾರೆ. 2013ರಲ್ಲಿ ಜಪಾನಿನ ಪರಿಸರ ಸಚಿವಾಲಯ ಮಾರ್ಗಸೂಚಿ ಹೊರಡಿಸಿ, ಸಾಕಿದವರು ತಮ್ಮ ಪ್ರಾಣಿಗಳನ್ನು ಜೊತೆಗೇ ಕರೆದುಕೊಂಡು ಸ್ಥಳ ಬಿಡುವುದನ್ನೇ ಮೂಲ ನಿಯಮವನ್ನಾಗಿ ಮಾಡಿತು. ಜೊತೆಗೆ ಹೊರಡುವುದೆಂದರೆ ಒಂದೇ ಕೋಣೆಯಲ್ಲಿ ಇರುವುದೆಂದಲ್ಲ. ಅಲರ್ಜಿ ಇರುವವರು, ನಾಯಿ ಕಂಡರೆ ಹೆದರುವ ಮಕ್ಕಳು ಪರಿಹಾರ ಕೇಂದ್ರದಲ್ಲಿ ಇದ್ದೇ ಇರುತ್ತಾರೆ, ಅವರಿಗೂ ನೆಮ್ಮದಿ ಬೇಕು. ಆದ್ದರಿಂದ ಅದೇ ಆವರಣದಲ್ಲಿ ಪ್ರಾಣಿಗಳಿಗೆ ಬೇರೆ ಜಾಗ ಮಾಡಬೇಕು. ಒಂದು ಶೆಡ್ಡು, ಒಂದಷ್ಟು ಪಂಜರಗಳು, ನೀರಿನ ನಲ್ಲಿ, ದಿನಕ್ಕೊಮ್ಮೆ ಬರುವ ಪಶುವೈದ್ಯರು. ಇಷ್ಟು ಮಾಡಲಾಗದಷ್ಟು ಕಷ್ಟದ ಕೆಲಸವೇ ಇದು?

ದೋಣಿಯಲ್ಲಿ ಒಬ್ಬರಿಗೆ ಮಾತ್ರ ಜಾಗವಿದ್ದರೆ ಮಗುವೋ ನಾಯಿಯೋ ಎಂದು ನನ್ನನ್ನು ಪದೇ ಪದೇ ಕೇಳುತ್ತಾರೆ. ಮಗು. ಇದರಲ್ಲಿ ನನಗೆ ಎಂದೂ ಅನುಮಾನವಿರಲಿಲ್ಲ. ನನ್ನ ಪಕ್ಕದಲ್ಲಿ ಮಲಗಿ ಬೆಳೆದ ನಾಯಿಯೇ ಆದರೂ ಉತ್ತರ ಅದೇ, ಆ ಉತ್ತರ ಕೊಟ್ಟ ಮೇಲೆ ನಾನು ಬಹಳ ವರ್ಷ ಅಳುತ್ತೇನೆ ಎಂಬುದೂ ನಿಜ. ಆದರೆ ಆ ವಿಡಿಯೊದ ದೋಣಿಯಲ್ಲಿ ಜಾಗವಿತ್ತು. ಅಂಥ ಹೆಚ್ಚಿನ ಸಂದರ್ಭಗಳಲ್ಲಿ ಜಾಗ ಇದ್ದೇ ಇರುತ್ತದೆ, ಇಲ್ಲದಿರುವುದು ಅನುಮತಿ. ರಕ್ಷಣಾ ಸಿಬ್ಬಂದಿಯ ಪ್ರಾಣಕ್ಕೆ ಅಪಾಯ ಎನ್ನುವವರಿಗೆ ಒಂದು ಹಳೆಯ ಘಟನೆಯನ್ನು ನೆನಪಿಸುತ್ತೇನೆ. 1996ರ ಮಾರ್ಚ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೇಯಾವೇಗಾ ಎಂಬ ಊರಿನಲ್ಲಿ ಪ್ರೊಪೇನ್ ಅನಿಲ ತುಂಬಿದ್ದ ರೈಲು ಹಳಿ ತಪ್ಪಿ ಬೆಂಕಿ ಹತ್ತಿಕೊಂಡಿತು. ಅದು ಪ್ರಕೃತಿ ವಿಕೋಪವಲ್ಲ, ಆದರೆ ಊರಿಗೆ ಊರೇ ಅವಸರದಲ್ಲಿ ಖಾಲಿಯಾಗಿ ಸಾಕುಪ್ರಾಣಿಗಳು ಮನೆಗಳಲ್ಲೇ ಉಳಿದದ್ದು ಮಾತ್ರ ಎಲ್ಲ ವಿಕೋಪಗಳಲ್ಲಿ ಆಗುವ ಹಾಗೆಯೇ. ಯಾವ ಗಳಿಗೆಯಲ್ಲಾದರೂ ಸಿಡಿಯಬಹುದಾಗಿದ್ದ ಆ ಊರಿಗೆ ಜನ ಕದ್ದು ಒಳನುಗ್ಗಲು ತೊಡಗಿದರು. ಕೊನೆಗೆ ಸೈನಿಕರ ಕವಚ ವಾಹನಗಳಲ್ಲಿ ಮಾಲೀಕರನ್ನು ಒಳಗೆ ಕರೆದೊಯ್ದು ಪ್ರಾಣಿಗಳನ್ನು ತರಬೇಕಾಯಿತು. ಮೊದಲೇ ತೋಳಲ್ಲಿ ಎತ್ತಿಕೊಂಡು ಹೊರಡಲು ಬಿಟ್ಟಿದ್ದರೆ ಯಾವ ಸೈನಿಕನಿಗೂ ಅಪಾಯವಿರುತ್ತಿರಲಿಲ್ಲ. ಪ್ರಾಣಿಗಳನ್ನು ಹಿಂದೆ ಬಿಟ್ಟರೆ ರಕ್ಷಣಾ ಸಿಬ್ಬಂದಿಯ ಕೆಲಸ ಎರಡರಷ್ಟಾಗುತ್ತದೆ, ಕಡಿಮೆಯಂತೂ ಆಗುವುದಿಲ್ಲ.

ಇನ್ನು, ಪ್ರೀತಿ ಇದ್ದೂ ತಪ್ಪು ಮಾಡುವವರ ಬಗ್ಗೆ. ಇವರ ಮೇಲೆ ನನಗೆ ಕೋಪವಿಲ್ಲ, ಆದರೆ ಇವರು ಓಡೋಡಿ ಬರುವುದೂ ಆ 'ಆಮೇಲೆ'ಯ ಹೊತ್ತಿನಲ್ಲೇ, ಆಗ ಕೇಳಿ ತಿಳಿದುಕೊಳ್ಳುವ ಸಮಯ ಯಾರಿಗೂ ಇರುವುದಿಲ್ಲ. ಹಲವು ದಿನ ಉಪವಾಸವಿದ್ದ ಹಸುವಿಗೆ ಕನಿಕರದಿಂದ ಬೇಯಿಸಿದ ಅನ್ನವನ್ನೋ, ಬ್ರೆಡ್ಡನ್ನೋ, ಕಾಳುಗಳನ್ನೋ ರಾಶಿ ಸುರಿದರೆ ಅದರ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ, ಹೊಟ್ಟೆಯುಬ್ಬರವಾಗಿ, ನೆರೆಯಲ್ಲಿ ಬದುಕಿ ಉಳಿದ ಪ್ರಾಣಿ ಊಟದಿಂದ ಸಾಯುತ್ತದೆ. ಅದಕ್ಕೆ ಬೇಕಾದದ್ದು ಶುದ್ಧ ನೀರು ಮತ್ತು ಒಣಹುಲ್ಲು. ಬೂಷ್ಟು ಹಿಡಿದ, ನೆರೆಯ ನೀರಿನಲ್ಲಿ ನೆಂದ ಮೇವು ಬೇಡವೇ ಬೇಡ. ಹಸಿದ ನಾಯಿಗೂ ಒಮ್ಮೆಲೇ ಹೊಟ್ಟೆ ತುಂಬಿಸದೆ ಸ್ವಲ್ಪಸ್ವಲ್ಪವಾಗಿ ಕೊಡಬೇಕು. 2019-20ರ ಆಸ್ಟ್ರೇಲಿಯಾದ ಕಾಳ್ಗಿಚ್ಚಿನಲ್ಲಿ ಸುಮಾರು 300 ಕೋಟಿ ಪ್ರಾಣಿಗಳು ಸತ್ತವು ಅಥವಾ ನೆಲೆ ಕಳೆದುಕೊಂಡವೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಆಗ ಸುಟ್ಟ ಕೊವಾಲಾಗಳ ಬಾಯಿಗೆ ಜನ ಬಾಟಲಿಯಿಂದ ನೀರು ಹೊಯ್ಯುವ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಹಾಗೆ ಹೊಯ್ದ ನೀರು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಬರಬಹುದೆಂದು, ಬಟ್ಟಲಿನಲ್ಲಿ ನೀರಿಟ್ಟು ಅದೇ ಕುಡಿಯಲು ಬಿಡಬೇಕೆಂದು ಪಶುವೈದ್ಯರು ಎಚ್ಚರಿಸಬೇಕಾಯಿತು. ತಾಯಿಯ ಹೊಟ್ಟೆಯ ಚೀಲದಲ್ಲಿ ಬೆಳೆಯಬೇಕಿದ್ದ ಅನಾಥ ಮರಿಗಳಿಗಾಗಿ ಜಗತ್ತಿನ ಮೂಲೆಮೂಲೆಗಳಿಂದ ಹೊಲಿದು ಕಳಿಸಿದ ಚೀಲಗಳು ಎಷ್ಟು ಬಂದವೆಂದರೆ ಇನ್ನು ಸಾಕು ಎಂದು ಕೇಳಿಕೊಳ್ಳುವಂತಾಯಿತು. ಆ ಹೊಲಿದ ಕೈಗಳಿಗೆ ನನ್ನ ನಮಸ್ಕಾರ, ಅವರ ಕಣ್ಣೀರು ನಿಜವಾದದ್ದು. ಆದರೂ ಸ್ಥಳದಲ್ಲಿರುವ ಪಶುವೈದ್ಯರನ್ನು ಏನು ಬೇಕೆಂದು ಒಂದು ಮಾತು ಕೇಳಿ ಕಳಿಸುವ ಸಹಾಯವೇ ಬೇರೆ. ಎಷ್ಟೋ ಸಲ ಅವರಿಗೆ ಬೇಕಾಗಿರುವುದು ದನ, ಎಮ್ಮೆಗಳಿಗೆ ಬರುವ ಗಳಲೆ ರೋಗದ ಲಸಿಕೆ, ಗಾಯಕ್ಕೆ ಹಚ್ಚುವ ಔಷಧಿ, ಜನರೇಟರಿಗೆ ಡೀಸೆಲ್ಲು. ಇವುಗಳಲ್ಲಿ ಯಾವುದೂ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಸಾಕಿದವರು ಮಾಡಬೇಕಾದ ಕೆಲಸ ನಾವು ಅಂದುಕೊಳ್ಳುವುದಕ್ಕಿಂತ ಚಿಕ್ಕದು, ಅದನ್ನು ಬಿಸಿಲು ಕಾಯುವ ದಿನದಲ್ಲೇ ಮಾಡಿಡಬೇಕು. ಬೆಕ್ಕನ್ನು ಒಯ್ಯುವ ಪೆಟ್ಟಿಗೆಯನ್ನು ಅಟ್ಟದ ಮೇಲಿಡದೆ ನೆಲದ ಮೇಲೆ ಬಾಗಿಲು ತೆರೆದಿಟ್ಟು, ಅದರೊಳಗೇ ಊಟ ಹಾಕಿ, ಮಲಗುವ ಅಭ್ಯಾಸ ಮಾಡಿಸಿದರೆ ಹೊರಡುವ ಗಳಿಗೆಯಲ್ಲಿ ಮಂಚದ ಕೆಳಗೆ ತೆವಳಬೇಕಾಗುವುದಿಲ್ಲ. ಪ್ರಾಣಿಯೊಂದಿಗೆ ನೀವೂ ಇರುವ ಒಂದು ಫೋಟೊ ಫೋನಿನಲ್ಲಿರಲಿ. ಕಳೆದುಹೋಗಿ ಸಿಕ್ಕಾಗ ಅದು ನಿಮ್ಮದೇ ಎಂದು ತೋರಿಸಲು ಇದಕ್ಕಿಂತ ಸುಲಭದ ಸಾಕ್ಷಿ ಇಲ್ಲ. ಕೊರಳಪಟ್ಟಿ ಕಳಚಿ ಬೀಳಬಹುದು, ಚರ್ಮದಡಿಯ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಬೀಳುವುದಿಲ್ಲ. ಆದರೆ ಅದರಲ್ಲಿರುವ 15 ಅಂಕಿಗಳ ಗುರುತಿನ ಸಂಖ್ಯೆಯ ಜೊತೆಗೆ ನೋಂದಾಯಿಸಿದ ನಿಮ್ಮ ಫೋನ್ ನಂಬರು ಹಳೆಯದಾಗಿದ್ದರೆ ಅದರಿಂದ ಉಪಯೋಗವಿಲ್ಲ. ಲಸಿಕೆಯ ದಾಖಲೆಗಳನ್ನು ನೀರು ತಾಕದ ಚೀಲದಲ್ಲಿಡಿ, ಅನೇಕ ಪರಿಹಾರ ಕೇಂದ್ರಗಳಲ್ಲಿ ಅವುಗಳನ್ನು ನೋಡದೆ ಪ್ರಾಣಿಗಳನ್ನು ಒಳಗೆ ಬಿಡುವುದಿಲ್ಲ. ಕಡೆಗೆ, ಯಾವ ದಾರಿಯೂ ಉಳಿಯದೆ ಬಿಟ್ಟೇ ಹೊರಡಬೇಕಾದ ಸ್ಥಿತಿ ಬಂದರೆ ಕಣ್ಣಿ ಬಿಚ್ಚಿ, ಸರಪಳಿ ಕಳಚಿ, ಗೂಡಿನ ಬಾಗಿಲು ತೆಗೆದು ಹೊರಡಿ. ಕಾಡ್ಗಿಚ್ಚಿನಲ್ಲಾದರೆ ಕುದುರೆಗಳು ಹೆದರಿ ಉರಿಯುವ ಲಾಯಕ್ಕೇ ಹಿಂದಿರುಗಿ ನುಗ್ಗುವುದುಂಟು, ಆದ್ದರಿಂದ ಅವುಗಳನ್ನು ಹೊರಗೆ ತಂದ ಮೇಲೆ ಲಾಯದ ಬಾಗಿಲು ಹಾಕಿ. ಒಳಗೆ ಯಾವ ಪ್ರಾಣಿ ಉಳಿದಿದೆ, ಎಷ್ಟಿವೆ ಎಂದು ಮನೆಯ ಬಾಗಿಲ ಮೇಲೆ ದೊಡ್ಡದಾಗಿ ಬರೆದು, ದಾರಿಯಲ್ಲಿ ಸಿಗುವ ರಕ್ಷಣಾ ಸಿಬ್ಬಂದಿಗೂ ಹೇಳಿ.

ಆದರೆ ಮನೆಮನೆಯ ಸಿದ್ಧತೆಯೊಂದರಿಂದಲೇ ಆ ದೋಣಿಯ ನಿಯಮ ಬದಲಾಗುವುದಿಲ್ಲ. ಆ ವೃದ್ಧೆ ಎಲ್ಲ ಸಿದ್ಧತೆ ಮಾಡಿಕೊಂಡಿದ್ದರೂ ದೋಣಿಯವರಿಗೆ ಮೇಲಿನಿಂದ ಬಂದ ಸೂಚನೆ ಅದೇ ಆಗಿರುತ್ತಿತ್ತು. ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಸ್ಥಳೀಯ ಆಡಳಿತದಲ್ಲಿದ್ದರೆ, ಸ್ವಯಂಸೇವಕರ ತಂಡಗಳಲ್ಲಿದ್ದರೆ, ಮುಂದಿನ ಅಣಕು ಕಾರ್ಯಾಚರಣೆಗೆ ಪಶುವೈದ್ಯರನ್ನು ಕರೆದಿದ್ದಾರೆಯೇ, ದೋಣಿಗಳಲ್ಲಿ ಒಂದಾದರೂ ಪಂಜರವಿದೆಯೇ, ಪರಿಹಾರ ಕೇಂದ್ರದ ನಕ್ಷೆಯಲ್ಲಿ ಪ್ರಾಣಿಗಳ ಜಾಗವನ್ನು ಗುರುತಿಸಿದ್ದಾರೆಯೇ ಎಂದು ಕೇಳಿ. ಆಮೇಲೆ ನೋಡೋಣ ಎಂಬ ಉತ್ತರ ಬಂದರೆ ದಿನಾಂಕ ಕೇಳಿ, ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡು ಬನ್ನಿ. ಅರ್ಜಿ ಬರೆಯಲು ಸಹಾಯ ಬೇಕಿದ್ದವರು ನನಗೆ ಸಂದೇಶ ಕಳಿಸಿ, ನಾನೇ ಕೂತು ಬರೆದುಕೊಡುತ್ತೇನೆ.