ಕ್ಷೀರಸಾಗರ ಭಟ್ಟರ ಊರು

ನಮ್ಮ ಮಾವ ಅರಸೀಕೆರೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವರು. 2025ರ ಅಕ್ಟೋಬರ್‌ನಲ್ಲಿ ಟೆಕ್ಸಸ್‌ನ ಫ್ರಿಸ್ಕೋಗೆ, ನಮ್ಮ ಮನೆಗೆ ಬಂದರು. ಬಂದ ಎರಡನೇ ದಿನ ಬೆಳಿಗ್ಗೆ ಐದಕ್ಕೇ ಎದ್ದು, ಎಸಿಗೆ ಹೆದರಿ ಮಫ್ಲರ್ ಸುತ್ತಿಕೊಂಡು, ಹಾಲ್‌ನಲ್ಲಿ ಕೂತಿದ್ದರು. ಕಾಫಿ ಲೋಟ ಕೈಗೆ ಕೊಟ್ಟ ಕೂಡಲೇ ಕೇಳಿದರು.

"ಅಳಿಯಂದ್ರೇ, ಇಲ್ಲಿ ಸ್ಟೇಷನ್ ಎಷ್ಟು ದೂರ? ಸುಮ್ನೆ ಹಾಗೇ ನಡ್ಕೊಂಡು ಹೋಗಿ ನೋಡಿ ಬರ್ತೀನಿ."

"ಯಾವ ಸ್ಟೇಷನ್ ಮಾವ?"

"ರೈಲ್ವೆ ಸ್ಟೇಷನ್ನೇ. ರಾತ್ರಿ ಗಾಡಿ ಕೂಗಿದ್ದು ಕೇಳಿಸ್ತಲ್ಲ."

ಊರಲ್ಲಿ ಹಳಿ ಇದೆ. ಅದರ ಮೇಲೆ ಗಾಡಿಯೂ ಓಡುತ್ತದೆ. ಆದರೆ ಅದು ಗೂಡ್ಸ್. ಜನ ಹತ್ತುವ ರೈಲು ಇಲ್ಲ, ಹತ್ತೋಕೆ ಸ್ಟೇಷನ್ನೂ ಇಲ್ಲ. ಇದನ್ನು ಹೇಳಿದಾಗ ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಊರಿನ ಜನಸಂಖ್ಯೆ ಕೇಳಿದರು. ಎರಡು ಲಕ್ಷದ ಮೇಲೆ ಅಂದೆ. "ನಮ್ಮ ಅರಸೀಕೆರೇಲಿ ಅದರ ಮೂರನೇ ಒಂದು ಪಾಲು ಜನ ಇಲ್ಲ" ಎಂದು ಕಾಫಿ ಕುಡಿದರು. ಅವರ ಮುಖದಲ್ಲಿ ಹೆಮ್ಮೆಯಿತ್ತೋ, ನನ್ನ ಬಗ್ಗೆ ಮರುಕವಿತ್ತೋ ಗೊತ್ತಾಗಲಿಲ್ಲ.

ಅವರಿಗೆ ಇನ್ನೂ ಹೇಳದೇ ಇದ್ದ ವಿಷಯ ಒಂದಿತ್ತು. ಈ ಊರಿಗೆ ಹೆಸರು ಕೊಟ್ಟಿದ್ದೇ ರೈಲು. ಸೇಂಟ್ ಲೂಯಿಸ್–ಸ್ಯಾನ್‌ಫ್ರಾನ್ಸಿಸ್ಕೋ ರೈಲ್ವೆ ಅಂತ ಒಂದು ಕಂಪನಿ ಇತ್ತು. ಜನ ಅದನ್ನು ಚಿಕ್ಕದಾಗಿ 'ಫ್ರಿಸ್ಕೋ' ಅನ್ನುತ್ತಿದ್ದರು. 1902ರಲ್ಲಿ ಅದರ ಹಳಿ ಇಲ್ಲಿಗೆ ಬಂತು. ಹಬೆ ಎಂಜಿನ್ನಿಗೆ ನೀರು ಬೇಕಿತ್ತು, ಹಾಗಾಗಿ ಗಾಡಿ ನಿಂತಿತು. ಗಾಡಿ ನಿಂತದ್ದರಿಂದ ಊರು ಹುಟ್ಟಿತು. ನಾಲ್ಕು ಮೈಲಿ ಆಚೆ ಲೆಬನಾನ್ ಅಂತ ಹಳ್ಳಿಯೊಂದಿತ್ತು. ಅಲ್ಲಿಯ ಕೆಲವರು ತಮ್ಮ ಮನೆಗಳನ್ನೇ ಮರದ ದಿಮ್ಮಿಗಳ ಮೇಲೆ ಉರುಳಿಸಿಕೊಂಡು ರೈಲಿನ ಹತ್ತಿರಕ್ಕೆ ತಂದಿಟ್ಟರಂತೆ. ಮನೆಯನ್ನೇ ಸ್ಟೇಷನ್ನಿಗೆ ಎಳೆದು ತಂದ ಜನ! ಅವರ ಊರಲ್ಲಿ ಈಗ ಹಾಲು ತರಬೇಕಾದರೂ ಕಾರಿನ ಕೀಲಿ ಹುಡುಕಬೇಕು.

ರೈಲು ಹೋದರೂ ಅದರ ಮೇಲಿನ ಭಕ್ತಿ ಹೋಗಿಲ್ಲ ನೋಡಿ. ಹಳೇ ಪೇಟೆಗೆ 'ರೈಲ್ ಡಿಸ್ಟ್ರಿಕ್ಟ್' ಅಂತ ಹೆಸರಿಟ್ಟಿದ್ದಾರೆ. ಆ ರೈಲ್ವೆ ಕಂಪನಿಯ ಗುರುತು ರಕೂನ್ ಅನ್ನೋ ಕಾಡುಪ್ರಾಣಿಯ ಹರಡಿಟ್ಟ ಚರ್ಮದ ಆಕಾರದಲ್ಲಿತ್ತು. ಊರಿನ ಗುರುತು ಈಗಲೂ ಅದನ್ನೇ ಹೋಲುತ್ತದೆ, ಹೈಸ್ಕೂಲ್ ತಂಡದ ಹೆಸರೂ ರಕೂನ್. ಹಳೇ ಸ್ಟೇಷನ್ನಿನ ಹಾಗೆ ಕಟ್ಟಿದ 'ಡಿಪೋ' ಒಂದಿದೆ, ಸಮಾರಂಭಗಳಿಗೆ ಬಾಡಿಗೆಗೆ ಸಿಗುತ್ತದೆ. ಅಂದರೆ ಸ್ಟೇಷನ್ನಿನಲ್ಲಿ ಮದುವೆ ಆಗಬಹುದು, ಅಲ್ಲಿಂದ ಹನಿಮೂನಿಗೆ ಹೋಗೋಕೆ ಮಾತ್ರ ಆಗೋದಿಲ್ಲ.

ಶನಿವಾರ ಮಾವನನ್ನು ರೈಲು ಮ್ಯೂಸಿಯಂ ಕಡೆ ಕರೆದುಕೊಂಡು ಹೋದೆ. ಅಲ್ಲಿ 'ಬಿಗ್ ಬಾಯ್' ನಿಂತಿದೆ. 130 ಅಡಿಗಿಂತ ಉದ್ದದ ಹಬೆ ಎಂಜಿನ್. ಅಂಥವನ್ನು ಮಾಡಿದ್ದೇ 25, ಉಳಿದಿರೋದು 8. ಮಾವ ಕನ್ನಡಕ ಒರೆಸಿಕೊಂಡು ಚಕ್ರ ಎಣಿಸಿದರು. ನಾಲ್ಕು, ಎಂಟು, ಎಂಟು, ನಾಲ್ಕು. ಮತ್ತೊಂದು ಸಲ ಹಿಂದಿನಿಂದ ಎಣಿಸಿದರು. ದೇವಸ್ಥಾನದಲ್ಲಿ ನಿಂತ ಹಾಗೆ ಚಪ್ಪಲಿ ಬಿಡ್ತಾರೇನೋ ಅಂದುಕೊಂಡೆ.

"ಇಷ್ಟು ದೊಡ್ಡದನ್ನ ಇಲ್ಲಿಗೆ ಹೇಗೆ ತಂದ್ರು?"

"2013ರಲ್ಲಿ ಡಲ್ಲಸ್‌ನಿಂದ ತಂದರು ಮಾವ. ಹಳಿ ಮೇಲೇ ಎಳೆದುಕೊಂಡು."

"ಅಂದ್ರೆ ಡಲ್ಲಸ್‌ನಿಂದ ಇಲ್ಲಿಗೆ ರೈಲಲ್ಲಿ ಬರಬಹುದು."

"ಎಂಜಿನ್ ಆಗಿದ್ದರೆ ಬರಬಹುದು."

ಅಲ್ಲಿಂದ ಹತ್ತಿರದಲ್ಲೇ ಇನ್ನೊಂದು ಕಟ್ಟಡದಲ್ಲಿ ಆಟಿಕೆ ರೈಲುಗಳ ದೊಡ್ಡ ಪ್ರದರ್ಶನವಿದೆ. ಪುಟ್ಟ ಬೆಟ್ಟ, ಪುಟ್ಟ ಸೇತುವೆ, ಪುಟ್ಟ ಊರುಗಳ ನಡುವೆ ರೈಲುಗಳು ಸಲೀಸಾಗಿ ಓಡಾಡುತ್ತವೆ. ಅಂಗೈಯಗಲದ ಊರಿಗೂ ರೈಲು ಬರುತ್ತದೆ. ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ ಅಂತ ನಮ್ಮ ಕಡೆ ಗಾದೆ ಇದೆಯಲ್ಲ. ಈ ಭಟ್ಟರು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಮನೇಲಿ ಹಾಲಿನ ಮ್ಯೂಸಿಯಂ ಇಟ್ಟಿದ್ದಾರೆ.

ಯಾಕೆ ಹೀಗೆ ಅಂತ ಮಾವನಿಗೆ ಅರ್ಥ ಮಾಡಿಸಿದ್ದು ಒಂದು ಪ್ರೆಶರ್ ಕುಕ್ಕರ್. ಅತ್ತೆಗೆ ಅಂತ ನಮ್ಮವರ ಅಂಗಡಿಯಲ್ಲಿ ನೂರು ಡಾಲರಿನದು ಕೊಂಡೆವು. ಮಾವ ಬಿಲ್ ಬಿಡೋ ಜಾತಿ ಅಲ್ಲ. ಕಾರಿನಲ್ಲಿ ಕೂತು ಸಾಲು ಸಾಲಾಗಿ ಓದಿದರು. ಅಕ್ಕಿ, ಬೇಳೆಗೆ ಟ್ಯಾಕ್ಸ್ ಇಲ್ಲ. ಕುಕ್ಕರ್‌ಗೆ 8.25 ಡಾಲರ್. ಇದೇನು ಈ ಕಾಲು ಲೆಕ್ಕ ಅಂತ ಕೇಳಿದರು. ಹೇಳಿದೆ. ಇದರಲ್ಲಿ 6.25 ಟೆಕ್ಸಸ್ ರಾಜ್ಯಕ್ಕೆ. ಉಳಿದ ಎರಡು ಡಾಲರ್ ಊರಿನ ಪಾಲು. ಎರಡರ ಮೇಲೆ ಒಂದು ಪೈಸೆಯನ್ನೂ ಊರು ಕೇಳೋ ಹಾಗಿಲ್ಲ, ಕಾನೂನು. ಪಕ್ಕದ ಪ್ಲೇನೋದಲ್ಲಿ ಇದೇ ಕುಕ್ಕರ್ ಕೊಂಡಿದ್ದರೆ ಆ ಎರಡರಲ್ಲಿ ಒಂದು ಡಾಲರ್ 'ಡಾರ್ಟ್'ಗೆ ಹೋಗುತ್ತಿತ್ತು. ಡಾರ್ಟ್ ಅಂದರೆ ಡಲ್ಲಸ್ ಸುತ್ತಮುತ್ತ ರೈಲು, ಬಸ್ಸು ಓಡಿಸುವ ಸಂಸ್ಥೆ, 1983ರಲ್ಲಿ ಹುಟ್ಟಿದ್ದು. ಫ್ರಿಸ್ಕೋದಲ್ಲಿ ಆ ಒಂದು ಡಾಲರ್ ಅರ್ಧ ಅರ್ಧ ಆಗಿ ಊರಿನ ಎರಡು ಅಭಿವೃದ್ಧಿ ನಿಗಮಗಳಿಗೆ ಹೋಗುತ್ತದೆ. ಎರಡೂ ಸೇರಿ ಊರಿಗೆ ದೊಡ್ಡ ದೊಡ್ಡವರನ್ನು ಕರೆದುಕೊಂಡು ಬರುತ್ತವೆ. 2016ರಲ್ಲಿ ಡಲ್ಲಸ್ ಕೌಬಾಯ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡದ ಹೆಡ್ ಆಫೀಸು ಬಂತು. 2022ರಲ್ಲಿ ಗಾಲ್ಫ್ ಸಂಸ್ಥೆ ಪಿಜಿಎ ಫ್ಲಾರಿಡಾ ಬಿಟ್ಟು ಬಂತು. ಎಲ್ಲರೂ ಬಂದರು. ಬರೋದು ಹೇಗೆ ಅನ್ನೋ ಖಾತೆಗೆ ಮಾತ್ರ ದುಡ್ಡು ಉಳಿಯಲಿಲ್ಲ.

"ಅಂದ್ರೆ ಕುಕ್ಕರ್ ದುಡ್ಡಲ್ಲಿ ಗಾಲ್ಫ್" ಅಂದರು ಮಾವ.

ಪಾಪ, ಅದು ಪೂರ್ತಿ ತಪ್ಪು ಲೆಕ್ಕವೇನಲ್ಲ. ಅಂಗಡಿ, ಆಫೀಸು ಬಂದರೆ ಟ್ಯಾಕ್ಸ್ ಬರುತ್ತದೆ, ಟ್ಯಾಕ್ಸ್‌ನಲ್ಲಿ ಇನ್ನಷ್ಟು ಅಂಗಡಿ ಬರುತ್ತದೆ. ಊರು ಬೆಳೆದದ್ದೂ ನಿಜ. 2000ದಲ್ಲಿ 34 ಸಾವಿರ ಜನ ಇದ್ದ ಊರು ಇಪ್ಪತ್ತು ವರ್ಷದಲ್ಲಿ ಎರಡು ಲಕ್ಷ ದಾಟಿತು. ಆ ಎರಡು ಲಕ್ಷದಲ್ಲಿ ನಾನೂ ಒಬ್ಬ, ನನ್ನ ಎರಡು ಕಾರೂ ಸೇರಿ. ಸಂಜೆ ಆರಕ್ಕೆ ಪ್ರೆಸ್ಟನ್ ರಸ್ತೆಯಲ್ಲಿ ನಿಂತಾಗ ಈ ಬೆಳವಣಿಗೆಯನ್ನು ಬಹಳ ಹತ್ತಿರದಿಂದ, ಮುಂದಿನವನ ಬಂಪರ್‌ನಷ್ಟು ಹತ್ತಿರದಿಂದ, ನೋಡುತ್ತೇನೆ. ಈ ರಸ್ತೆ ಮೊದಲು ದನಗಳ ದಾರಿಯಾಗಿತ್ತು. 19ನೇ ಶತಮಾನದಲ್ಲಿ ಟೆಕ್ಸಸ್‌ನ ದನಗಳನ್ನು ಹೀಗೇ ಉತ್ತರಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಅವಕ್ಕೆ ಸಿಗ್ನಲ್ ಇರಲಿಲ್ಲ ಅನ್ನೋದೊಂದೇ ವ್ಯತ್ಯಾಸ.

ರೈಲಿಗೆ ಯಾರೂ ಸಾಲಲ್ಲಿ ನಿಲ್ಲೋದಿಲ್ಲ ಅಂತೀರಾ? ಸಾಲಲ್ಲಿ ನಿಲ್ಲೋಕೆ ನಮ್ಮೂರಿನವರು ರೆಡಿ. 2022ರ ಸೆಪ್ಟೆಂಬರ್‌ನಲ್ಲಿ ಎಚ್‌ಇಬಿ ಅಂಗಡಿ ಇಲ್ಲಿ ತೆರೆದಾಗ ಜನ ಹಿಂದಿನ ದಿನವೇ ಬಂದು ಕುರ್ಚಿ ಹಾಕಿಕೊಂಡು ಕೂತರು. ಐಫೋನ್ ಅಂಗಡಿ ಅಲ್ಲ ಸ್ವಾಮಿ, ದಿನಸಿ ಅಂಗಡಿ. ಈರುಳ್ಳಿ, ಟೊಮೆಟೊ, ಬ್ರೆಡ್ಡು. ಸ್ಯಾನ್ ಆಂಟೋನಿಯೋದ ಈ ಕಂಪನಿ ಉತ್ತರಕ್ಕೆ ಯಾವಾಗ ಬರುತ್ತೆ ಅಂತ ಇಲ್ಲಿಯವರು ವರ್ಷಗಟ್ಟಲೆ ಕಾದಿದ್ದರು. ಬೆಳಗಿನ ಜಾವ ಬಾಗಿಲು ತೆರೆದಾಗ ಚಪ್ಪಾಳೆ, ಕೂಗು. ಈ ಕಥೆ ಕೇಳಿ ಮಾವ, "ನಮ್ಮಲ್ಲಿ ತತ್ಕಾಲ್ ಕೌಂಟರ್ ಮುಂದೆ ಹೀಗೇ ಕೂರ್ತಿದ್ರು, ಆದ್ರೆ ಯಾರೂ ಚಪ್ಪಾಳೆ ಹೊಡೀತಿರ್ಲಿಲ್ಲ" ಅಂದರು.

ಮಾಲ್‌ಗಳದ್ದು ಇನ್ನೊಂದು ಕಥೆ. ಪ್ಲೇನೋದ ಕಾಲಿನ್ ಕ್ರೀಕ್ ಮಾಲ್ 1981ರಲ್ಲಿ ಬಂತು, 2019ರಲ್ಲಿ ಬಾಗಿಲು ಹಾಕಿತು. ಆಸ್ಟಿನ್‌ನ ಹೈಲ್ಯಾಂಡ್ ಮಾಲ್‌ನದ್ದು ಇನ್ನೂ ತಮಾಷೆ. 1971ರಿಂದ ಅಲ್ಲಿ ಜನ ಕಿಕ್ಕಿರಿದಾಗ ರೈಲು ಇರಲಿಲ್ಲ. 2010ರಲ್ಲಿ ಪಕ್ಕದಲ್ಲೇ ರೈಲು ಸ್ಟೇಷನ್ ಬಂತು. ಐದೇ ವರ್ಷದಲ್ಲಿ ಮಾಲ್ ಮುಚ್ಚಿತು. ಈಗ ಅಲ್ಲಿ ಕಾಲೇಜಿದೆ. ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರಲ್ಲ, ಹಾಗೆ.

ಕ್ಷೀರಸಾಗರ ಭಟ್ಟರು ಒಬ್ಬರೇ ಅಂದುಕೊಂಡಿದ್ದೆ. ಹ್ಯೂಸ್ಟನ್ ಪಕ್ಕ ಅವರ ಅಣ್ಣ ಇದ್ದಾನೆ. ಕೇಟಿ ಅಂತ ಊರು. ಮಿಸೌರಿ–ಕಾನ್ಸಾಸ್–ಟೆಕ್ಸಸ್ ರೈಲ್ವೆಯನ್ನು ಜನ 'ಕೆ ಟಿ' ಅಂದು ಅಂದು ಅದು 'ಕೇಟಿ' ಆಯಿತು, ಅದರಿಂದ ಊರಿಗೆ ಈ ಹೆಸರು ಅನ್ನುತ್ತಾರೆ. ಹೆಂಡದಂಗಡಿಯವನ ಹೆಂಡತಿಯ ಹೆಸರು ಅನ್ನೋರೂ ಇದ್ದಾರೆ. ಯಾವುದಾದರೂ ಇರಲಿ, ಆಕೆಯೂ ಈಗ ಸಿಗೋದಿಲ್ಲ, ರೈಲೂ ಸಿಗೋದಿಲ್ಲ. ಕೇಟಿಯಿಂದ ಹ್ಯೂಸ್ಟನ್ನಿಗೆ ಹೋಗುವ ಹೆದ್ದಾರಿಯಲ್ಲಿ ಟ್ರಾಫಿಕ್ ಜಾಸ್ತಿ ಆಯಿತು. ಪಕ್ಕದಲ್ಲೇ ಆ ರೈಲ್ವೆಯ ಹಳಿ ಇತ್ತು. ಅದನ್ನು ಏನು ಮಾಡಿದರು? ಕಿತ್ತರು. ಆ ಜಾಗವನ್ನೂ ರಸ್ತೆಗೆ ಸೇರಿಸಿದರು. ಸುಮಾರು 2.8 ಬಿಲಿಯನ್ ಡಾಲರ್ ಸುರಿದು, 2008ಕ್ಕೆ ಮುಗಿಸಿದರು. ಪಕ್ಕದ ರಸ್ತೆಗಳೂ ಸೇರಿ ಕೆಲವು ಕಡೆ 26 ಲೇನ್. 2011ರಿಂದ 2014ರ ಒಳಗೆ ಸಂಜೆ ಮನೆಗೆ ಮರಳುವ ಸಮಯ ಶೇ. 55ರಷ್ಟು ಏರಿತು. ಇರುವೆ ಕಾಟ ಅಂತ ಸಕ್ಕರೆ ಡಬ್ಬಿ ದೊಡ್ಡದು ಮಾಡಿದ ಹಾಗಾಯಿತು.

ಆದರೂ ಕೇಟಿಯವರಿಗೆ ಸಾರ್ವಜನಿಕ ಸಾರಿಗೆಯೇ ಇಲ್ಲ ಅಂದರೆ ಅನ್ಯಾಯ. ಅದೇ ಹೆದ್ದಾರಿಯ ಪಕ್ಕ ಬಕೀಸ್ ಪೆಟ್ರೋಲ್ ಬಂಕ್ ಇದೆ. ಅಲ್ಲಿ ಕಾರು ತೊಳೆಯುವ ಸುರಂಗ 255 ಅಡಿ ಉದ್ದ, ಗಿನ್ನೆಸ್ ದಾಖಲೆ. ಕಾರನ್ನು ನ್ಯೂಟ್ರಲ್‌ಗೆ ಹಾಕಿ ಸುಮ್ನೆ ಕೂತರೆ ಸಾಕು, ಕೆಳಗಿನ ಪಟ್ಟಿ ನಿಮ್ಮನ್ನು ನಿಧಾನವಾಗಿ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಸ್ಟೀರಿಂಗ್ ಮುಟ್ಟಬೇಕಾಗಿಲ್ಲ, ಪುಸ್ತಕ ಓದಬಹುದು. ರೈಲಿನ ಹೆಸರಿನ ಊರಲ್ಲಿ ರೈಲಿನ ಸುಖ ಕೊಡೋದು ಇದೊಂದೇ, ಅದೂ 255 ಅಡಿ.

ಡಲ್ಲಸ್‌ಗೂ ಫೋರ್ಟ್‌ವರ್ತ್‌ಗೂ ಮಧ್ಯದ ಆರ್ಲಿಂಗ್ಟನ್ ಬಗ್ಗೆ ಒಂದೇ ಮಾತು. ಅಲ್ಲಿಯ ಮತದಾರರು ಸಾರಿಗೆ ಟ್ಯಾಕ್ಸ್ ಬೇಡ ಅಂತ ಮೂರು ಸಲ ಹೇಳಿದರು. ಅದೇ ಊರಿನ ಸ್ಟೇಡಿಯಂಗೆ 2026ರ ಫುಟ್‌ಬಾಲ್ ವಿಶ್ವಕಪ್ಪಿನ 9 ಪಂದ್ಯ ಸಿಕ್ಕಿತು, ಬೇರೆ ಯಾವ ಊರಿಗೂ ಅಷ್ಟು ಸಿಗಲಿಲ್ಲ.

ಮಾವ ಇನ್ನೂ ಇಲ್ಲಿರುವಾಗಲೇ, ಅಕ್ಟೋಬರ್ 25ಕ್ಕೆ, ಡಾರ್ಟ್‌ನ ಹೊಸ ಸಿಲ್ವರ್ ಲೈನ್ ಶುರುವಾಯಿತು. ಪ್ಲೇನೋದಿಂದ ವಿಮಾನ ನಿಲ್ದಾಣಕ್ಕೆ 26 ಮೈಲಿ, 10 ಸ್ಟೇಷನ್. ಈ ಹಳಿಯನ್ನು 1990ರಲ್ಲೇ ಕೊಂಡಿಟ್ಟಿದ್ದರು. ಮೂವತ್ತೈದು ವರ್ಷ! ಮಾವ ಇಸ್ತ್ರಿ ಅಂಗಿ ಹಾಕಿಕೊಂಡರು. ಫ್ರಿಸ್ಕೋದಿಂದ ಪ್ಲೇನೋಗೆ ಕಾರಲ್ಲಿ ಹೋಗಿ, ಪಾರ್ಕ್ ಮಾಡಿ, ರೈಲು ಹತ್ತಿದೆವು. ಕಿಟಕಿ ಪಕ್ಕ ಕೂತರು. ಪ್ರತಿ ಸ್ಟೇಷನ್ನಿನಲ್ಲೂ ಹೆಚ್‌ಎಂಟಿ ವಾಚ್ ನೋಡಿ, ತುಟಿ ಅಲ್ಲಾಡಿಸದೆ ಏನೋ ಬರೆದುಕೊಂಡರು. ವಾಪಸ್ ಬರುವಾಗ ನನ್ನ ಬೆನ್ನು ತಟ್ಟಿದರು, ಹಳಿ ಹಾಕಿದ್ದು ನಾನೇ ಅನ್ನೋ ಹಾಗೆ.

ಮುಂದಿನ ತಿಂಗಳು, ನವೆಂಬರ್ ಮೊದಲ ವಾರ, ಪ್ಲೇನೋ ನಗರಸಭೆ ಒಂದು ನಿರ್ಣಯ ಮಾಡಿತು. ಡಾರ್ಟ್‌ನಿಂದ ಹೊರಗೆ ಹೋಗೋದಾ ಬೇಡವಾ ಅಂತ ಜನರ ಮತ ಕೇಳೋಣ, ಮೇ ತಿಂಗಳಲ್ಲಿ. ಕೊಡೋ ದುಡ್ಡು ಜಾಸ್ತಿ, ಸಿಗೋ ಸೇವೆ ಕಡಿಮೆ ಅನ್ನೋದು ಅವರ ತಕರಾರು. ಇನ್ನೂ ಕೆಲವು ಊರುಗಳು ಇದೇ ಸಾಲಲ್ಲಿ ನಿಂತವು. ರೈಲು ಬಂದು ಎರಡು ವಾರ ಆಗಿರಲಿಲ್ಲ.

ಮಾವನಿಗೆ ಹೇಗೆ ಹೇಳೋದು ಅಂತ ಎರಡು ದಿನ ಸುಮ್ಮನಿದ್ದೆ. ಕೊನೆಗೆ ಹೇಳಿದೆ.

"ಮೂವತ್ತೈದು ವರ್ಷ ಹೆಣ್ಣು ನೋಡಿ, ಮದುವೆ ಆದ ಹದಿನೈದೇ ದಿನಕ್ಕೆ ಕೋರ್ಟಿಗೆ ಹೋದ್ರಾ?" ಅಂದರು. ಆಮೇಲೆ, "ನಿಮ್ಮೂರೇ ಜಾಣ ಊರು ಅಳಿಯಂದ್ರೇ. ಮದುವೇನೇ ಆಗ್ಲಿಲ್ಲ."

ಅವರು ಹೊರಡುವ ಹಿಂದಿನ ಸಂಜೆ ಹಳೇ ಪೇಟೆ ಕಡೆಯಿಂದ ಬರುತ್ತಿದ್ದೆವು. ಗೇಟ್ ಬಿತ್ತು. ಗಂಟೆ ಹೊಡೆಯತೊಡಗಿತು. ಮಾವ ನೆಟ್ಟಗೆ ಕೂತರು. ಗೂಡ್ಸ್ ಬಂತು, ಮುಂದೆ ಮೂರು ಎಂಜಿನ್. ಮಾವ ಕಿಟಕಿ ಇಳಿಸಿ ಎಣಿಸೋಕೆ ಶುರು ಮಾಡಿದರು. ನಲವತ್ತು, ಐವತ್ತು. ಹಿಂದೆ ಕಾರುಗಳ ಸಾಲು ಸಿಗ್ನಲ್ ತನಕ ಬೆಳೆದಿತ್ತು. ಎತ್ತರದ, ಪೂರ್ತಿ ಮುಚ್ಚಿದ ಡಬ್ಬಿಗಳು ಒಂದರ ಹಿಂದೆ ಒಂದು ಸಾಗುತ್ತಿದ್ದವು.

"ಇದರೊಳಗೆ ಏನಿರುತ್ತೆ?"

"ಹೊಸ ಕಾರುಗಳು ಮಾವ. ಫ್ಯಾಕ್ಟರಿಯಿಂದ ಶೋರೂಮಿಗೆ."

ಮಾವ ಎಣಿಸೋದು ನಿಲ್ಲಿಸಿದರು.

"ಕೂರೋಕೆ ಸೀಟು ಸಿಗುತ್ತಾ ಅವಕ್ಕೆ?"

"ಒಂದು ಡಬ್ಬೀಲಿ ಹತ್ತು ಹದಿನೈದು ನಿಲ್ತವೆ. ಎರಡು ಮೂರು ಅಂತಸ್ತು ಇರುತ್ತೆ."

"ಅಪ್ಪರ್ ಬರ್ತೂ ಇದೆ ಅನ್ನಿ" ಅಂತ ಮಾವ ಕಿಟಕಿ ಏರಿಸಿದರು.