14ನೇ ದಿನ ಮಧ್ಯಾಹ್ನ 3ಕ್ಕೆ ಮಳೆಯಂತೆ!

ಅಂಗಳದ ಅಡಿಕೆಯೆಲ್ಲ ತೊಯ್ದು ತೊಪ್ಪೆ. ಮೊಬೈಲಿನ ಹವಾಮಾನ ಆ್ಯಪಿನಲ್ಲಿ ಈಗಲೂ ಸೂರ್ಯನ ಚಿತ್ರವೇ! ಇವತ್ತಿನದೇ ಗೊತ್ತಿಲ್ಲದ ಅದೇ ಆ್ಯಪು ಇವತ್ತಿಂದ 14ನೇ ದಿನದ ಮಳೆಯನ್ನು ಗಂಟೆ ಸಮೇತ ಹೇಳುತ್ತದೆ.

ಒಂದು ಗುಡುಗು ಮೋಡದ ಹರವು ಕೆಲವೇ ಕಿಲೋಮೀಟರ್, ಆಯಸ್ಸು ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಹವಾಮಾನದ ಲೆಕ್ಕ ಹಾಕುವ ಜಾಗತಿಕ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕ ಚೌಕವಾಗಿ ನೋಡುತ್ತವೆ; ಒಂದೊಂದು ಚೌಕವೇ ಸಾಮಾನ್ಯವಾಗಿ ಹತ್ತು ಕಿಲೋಮೀಟರ್ ಆಸುಪಾಸು ಅಗಲ. ನಾಳೆಯ ಮಳೆ ಈ ಊರಿಗೋ ಪಕ್ಕದೂರಿಗೋ ಅಂತಲೇ ಹೇಳಲಾಗದ ಆ್ಯಪಿನವರು 14ನೇ ದಿನ ಮಧ್ಯಾಹ್ನ 3ಕ್ಕೆ ಮಳೆಯ ಸಾಧ್ಯತೆ ಶೇ. 60 ಅಂತ ಯಾವ ಧೈರ್ಯದ ಮೇಲೆ ಬರೀತಾರೆ? ಇವತ್ತಿನ ಅಳತೆಯ ಸಣ್ಣ ತಪ್ಪು ದಿನೇ ದಿನೇ ಬೆಳೆದು ಎರಡು ವಾರದಲ್ಲಿ ಇಡೀ ಲೆಕ್ಕವನ್ನೇ ನುಂಗುತ್ತದೆ ಅಂತ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಝ್ 1960ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರಲ್ಲ!

ಇನ್ನು ಟಿವಿಯವರು. ಹವಾಮಾನ ಇಲಾಖೆ ‘ಒಂದೆರಡು ಕಡೆ ಮಳೆ’ ಅಂದರೆ ಹೆಚ್ಚೆಂದರೆ ಶೇ. 25ರಷ್ಟು ಮಳೆಮಾಪನ ಕೇಂದ್ರಗಳಲ್ಲಿ ಅಂತ ಅರ್ಥ. ಇವರ ಬಾಯಲ್ಲಿ ಅದೇ ‘ಜಿಲ್ಲೆಯಾದ್ಯಂತ ಭಾರೀ ಮಳೆ’. ಭಾರೀ ಅನ್ನಲು 24 ಗಂಟೆಯಲ್ಲಿ 64.5 ಮಿ.ಮೀ. ಆದರೂ ಬೀಳಬೇಡವೇ?

ಚಾಲಿಗೆ, ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿ ಮಾಡುವ ಅಡಿಕೆಗೆ, ಸುಮಾರು 40 ಬಿಸಿಲು ಬೇಕು. ನಡುವೆ ತೊಯ್ದರೆ ಸಿಪ್ಪೆಯೊಳಗೆ ನೀರು ನಿಂತು ಬೂಷ್ಟು ಹಿಡಿಯುತ್ತದೆ, ಅಡಿಕೆಯ ಬಣ್ಣ ಕೆಡುತ್ತದೆ, ಮಂಡಿಯಲ್ಲಿ ದರ ಬೀಳುತ್ತದೆ. ಆ ನಷ್ಟವನ್ನು ಯಾವ ಆ್ಯಪ್ ಕಟ್ಟಿಕೊಡುತ್ತದೆ?